ನಮ್ಮ ಅಥ್ಲೆಟಿಕ್ಸ್ ವರದಿಗಾರರ ಬಿನ್ನವತ್ತಳೆಯಲ್ಲಿ ಏನು ಬರೆಯಬೇಕು?

ಆಳಂದ ರಸ್ತೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಕಲಬುರಗಿಯ ಹಳೆಯ ಕ್ರೀಡಾಪಟುಗಳು ಕೆಲವರು ಸೇರಿ, ಈ ಭಾಗದ ಅಥ್ಲೆಟಿಕ್ಸ್ ಕೂಟಗಳನ್ನು ಮೂರು ದಶಕಕ್ಕೂ ಹೆಚ್ಚು ಕಾಲ ವರದಿ ಮಾಡಿ ಈಗ ಮನೆಯಲ್ಲಿ ವಿಶ್ರಾಂತಿಯಲ್ಲಿರುವ ಹಿರಿಯ ಪತ್ರಕರ್ತರೊಬ್ಬರನ್ನು ಸನ್ಮಾನಿಸಲು ನಿಶ್ಚಯಿಸಿದ್ದೇವೆ. ತಮ್ಮ ವರದಿಗೆ ಹೆಸರು ಹಾಕಿಸಿಕೊಳ್ಳುವುದನ್ನೇ ಒಲ್ಲೆ ಎನ್ನುತ್ತಿದ್ದ ಮನುಷ್ಯ ಅವರು. ಆದ್ದರಿಂದ ಇಲ್ಲಿಯೂ ಹೆಸರು ಬರೆಯುತ್ತಿಲ್ಲ. ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಒಮ್ಮೆಯಾದರೂ ಓಡಿದವರಿಗೆ ಯಾರೆಂದು ಹೇಳಬೇಕಾಗಿಯೂ ಇಲ್ಲ.

ಪತ್ರಕರ್ತರ ಸನ್ಮಾನಗಳು ನಮ್ಮಲ್ಲಿ ಸಾಮಾನ್ಯವಾಗಿ ಜುಲೈ 1ರ ಪತ್ರಿಕಾ ದಿನಾಚರಣೆಯಂದು, ಅಂದರೆ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಬಂದ ದಿನದ ನೆನಪಿನಲ್ಲಿ, ಸಭಾಂಗಣದೊಳಗೆ ನಡೆಯುತ್ತವೆ. ಆ ವೇದಿಕೆಯ ಮೇಲೆ ರಾಜಕೀಯ ವರದಿಗಾರರಿಗೆ ಸಿಗುವಷ್ಟು ಜಾಗ ಮೈದಾನದ ವರದಿಗಾರರಿಗೆ ಸಿಕ್ಕಿದ್ದನ್ನು ನಾನಂತೂ ಕಂಡಿಲ್ಲ. ಹಾಗಾಗಿ ನಾವು ಮೈದಾನದಲ್ಲಿಯೇ, ಕೂಟದ ಕೊನೆಯ ದಿನ, 4x400 ಮೀಟರ್ ರಿಲೇಗೆ ಮುಂಚೆ ಹದಿನೈದು ನಿಮಿಷದಲ್ಲಿ ಕಾರ್ಯಕ್ರಮ ಮುಗಿಸಬೇಕೆಂದಿದ್ದೇವೆ. ಆ ರಿಲೇ ನೋಡದೆ ಯಾರೂ ಮನೆಗೆ ಹೋಗುವುದಿಲ್ಲ ಎಂಬುದು ನಮ್ಮ ಲೆಕ್ಕಾಚಾರ.

ಬಿನ್ನವತ್ತಳೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಂದು ಕರಡು ಬರೆದೆ. ‘ಅಕ್ಷರ ತಪಸ್ವಿ’, ‘ಕ್ರೀಡಾಲೋಕದ ಧ್ರುವತಾರೆ’, ‘ಲೇಖನಿಯನ್ನೇ ಖಡ್ಗವಾಗಿಸಿಕೊಂಡ ಧೀಮಂತ’ ಎಂದೆಲ್ಲ ಮೂರು ಪುಟ ತುಂಬಿತು. ಮನೆಯವರಿಗೆ ಓದಿ ಹೇಳಿದಾಗ ಅವರು ಒಂದೇ ಮಾತು ಕೇಳಿದರು: “ಇದರಾಗ ಆ ಮನುಷ್ಯಾ ಎಲ್ಲಿ ಅದಾರ?” ನಿಜವೇ ಆಗಿತ್ತು. ಹೆಸರೊಂದನ್ನು ಬದಲಿಸಿದರೆ ಅದೇ ಮೂರು ಪುಟವನ್ನು ಒಬ್ಬ ಕವಿಗೂ ಓದಬಹುದಾಗಿತ್ತು, ಸಕ್ಕರೆ ಕಾರ್ಖಾನೆಯ ನಿರ್ದೇಶಕರಿಗೂ ಓದಬಹುದಾಗಿತ್ತು. ಹರಿದು ಹಾಕಿದೆ.

ಈಗ ಚೌಕಟ್ಟಿನಲ್ಲಿ ಕೂರುವಂತೆ ಒಂದೇ ಪುಟ ಬರೆಯಬೇಕು. ನನಗೆ ಬೇಕಿರುವುದು ವಿಶೇಷಣಗಳಲ್ಲ. ಅವರು ನಿರ್ದಿಷ್ಟವಾಗಿ ಏನು ಮಾಡುತ್ತಿದ್ದರು, ಅದರಿಂದ ಯಾರಿಗೆ ಏನಾಯಿತು ಎಂಬ ಸಂಗತಿಗಳು. ಇನ್ನೊಂದು ವಿಷಯವೂ ಇದೆ. ನಮ್ಮ ಬಳಗದವರೇ ಒಬ್ಬರು, “ಓಡಿದವರು ಬಸ್ ಚಾರ್ಜಿಗೂ ಕಷ್ಟಪಟ್ಟರು, ಒಂದು ಶಾಲು ಕಾಣಲಿಲ್ಲ, ಕುಳಿತು ಬರೆದವರಿಗೆ ಏಕೆ ಸನ್ಮಾನ?” ಎಂದು ಕೇಳಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಬಲ್ಲವರು ಬರೆಯಬೇಕೆಂದು ವಿನಂತಿ.

---

ಮೂರನೇ ಲೇನ್

ಸರ್, ನಾನು ಸೇಡಂ ತಾಲ್ಲೂಕಿನವನು. ತೊಂಬತ್ತರ ದಶಕದಲ್ಲಿ 400 ಮೀಟರ್ ಓಡುತ್ತಿದ್ದೆ. ನಿಮಗೆ ಸಂಗತಿಗಳು ಬೇಕೆಂದಿರಿ, ನನ್ನ ಬಳಿ ಇರುವುದನ್ನು ಹೇಳುತ್ತೇನೆ.

ಮೊದಲನೆಯದಾಗಿ, ಅವರು ಶಾಮಿಯಾನದ ಕೆಳಗೆ ಅತಿಥಿಗಳ ಸಾಲಿನಲ್ಲಿ ಕುಳಿತದ್ದನ್ನು ನಾನು ನೋಡಿಲ್ಲ. ಫಿನಿಷಿಂಗ್ ಗೆರೆಯ ಬಳಿ ಟೈಮ್‌ಕೀಪರುಗಳು ನಿಲ್ಲುತ್ತಿದ್ದ ಮೆಟ್ಟಿಲು ಏಣಿಯ ಹಿಂದೆ, ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು, ಉದ್ದನೆಯ ಲೆಕ್ಕದ ಪುಸ್ತಕವನ್ನು ಮೊಣಕಾಲಿನ ಮೇಲಿಟ್ಟುಕೊಂಡು ಕೂರುತ್ತಿದ್ದರು. ಓಟ ಮುಗಿದು ನಾವು ಹೊಟ್ಟೆ ಹಿಡಿದುಕೊಂಡು ಬಗ್ಗಿ ನಿಂತಿರುವಾಗ ಬಳಿಗೆ ಬಂದು, ಉಸಿರು ಹತೋಟಿಗೆ ಬರುವವರೆಗೆ ಸುಮ್ಮನೆ ನಿಂತು, ಆಮೇಲೆ ಕೇಳುತ್ತಿದ್ದರು: “ಯಾವೂರಪಾ ನಿಂದು? ಅಪ್ಪನ ಹೆಸರೂ ಹೇಳು. ನಾಳಿ ಪೇಪರ್‌ನಾಗ ತಪ್ಪು ಬರಬಾರದು.” ನಮ್ಮ ಕಡೆ ಒಂದೇ ಹೀಟ್‌ನಲ್ಲಿ ಮೂವರು ಶರಣಬಸಪ್ಪಗಳು, ಇಬ್ಬರು ಮಲ್ಲಿಕಾರ್ಜುನಗಳು ಓಡುವುದುಂಟು, ತಾಂಡಾಗಳಿಂದ ಬಂದವರಲ್ಲಿ ಹೆಸರೂ ಒಂದೇ, ರಾಠೋಡ ಎಂಬ ಅಡ್ಡಹೆಸರೂ ಒಂದೇ. ಚೆಸ್ಟ್ ನಂಬರ್ ನೋಡಿ ಪಟ್ಟಿಯಿಂದ ಹೆಸರು ಎತ್ತಿಕೊಂಡರೆ ಅವರ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ನಂಬರಿನ ಬಟ್ಟೆಯನ್ನು ಗೆಳೆಯರು ಅದಲುಬದಲು ಮಾಡಿಕೊಂಡಿರುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು.

ಎರಡನೆಯದು ಕಾಲದ ವಿಷಯ, ಮತ್ತು ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ. ನಮ್ಮ ಜಿಲ್ಲಾ ಕೂಟಗಳಲ್ಲಿ ಎಲ್ಲವೂ ಕೈಗಡಿಯಾರ, ಅಂದರೆ ಸ್ಟಾಪ್‌ವಾಚ್ ಒತ್ತುವುದು. ಮನುಷ್ಯನ ಬೆರಳು ಪಿಸ್ತೂಲಿನ ಹೊಗೆ ಕಂಡ ಮೇಲೆ ಒತ್ತುತ್ತದೆ, ಆದರೆ ಫಿನಿಷಿಂಗ್‌ನಲ್ಲಿ ಓಟಗಾರ ಬರುವುದನ್ನು ದೂರದಿಂದಲೇ ನೋಡುತ್ತಿರುವುದರಿಂದ ಸರಿಯಾಗಿ ನಿಲ್ಲಿಸುತ್ತದೆ. ಹೀಗಾಗಿ ಕೈಗಡಿಯಾರದ ಕಾಲ ಯಾವಾಗಲೂ ತುಸು ಕಡಿಮೆ ಬರುತ್ತದೆ. ವಿದ್ಯುನ್ಮಾನ ಕಾಲಕ್ಕೆ ಹೋಲಿಸುವಾಗ 100 ಮತ್ತು 200 ಮೀಟರಿಗೆ 0.24 ಸೆಕೆಂಡ್, 400 ಮೀಟರಿಗೆ 0.14 ಸೆಕೆಂಡ್ ಸೇರಿಸುವ ರೂಢಿ ಬಂದದ್ದು ಇದಕ್ಕಾಗಿಯೇ. ಇನ್ನು ಹೊಗೆ ನೋಡದೆ ಸದ್ದು ಕೇಳಿ ಒತ್ತಿದರೆ ಮುಗಿದೇ ಹೋಯಿತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ 100 ಮೀಟರ್ ದೂರ ನಿಂತವನ ಕಿವಿಗೆ ತಲುಪುವಷ್ಟರಲ್ಲಿ ಸೆಕೆಂಡಿನ ಹತ್ತರಲ್ಲಿ ಮೂರು ಭಾಗ ಕಳೆದಿರುತ್ತದೆ, 11.4ರ ಹುಡುಗ 11.1ರ ಹುಡುಗನಾಗಿಬಿಡುತ್ತಾನೆ. ಒಂದು ಸಲ ಸ್ಟಾರ್ಟರ್ ಬಳಿ ಪಿಸ್ತೂಲಿನ ಪಟಾಕಿ ಮುಗಿದು, ಸೀಟಿ ಊದಿ ಓಡಿಸಿದ್ದರು. ಆ ದಿನದ 100 ಮೀಟರ್ ಕಾಲಗಳು ನೋಡಲು ಬಹಳ ಸೊಗಸಾಗಿದ್ದವು. ಮರುದಿನ ಉಳಿದ ಪತ್ರಿಕೆಗಳಲ್ಲಿ ‘ಕೂಟ ದಾಖಲೆ’ ಎಂದು ಬಂತು, ಇವರ ವರದಿಯಲ್ಲಿ ಮಾತ್ರ ಸ್ಥಾನಗಳಿದ್ದವು, ಕಾಲ ಇರಲಿಲ್ಲ, ಕೊನೆಗೆ ಒಂದು ಸಾಲಿತ್ತು: “ಸೀಟಿಯ ಸದ್ದಿನ ಮೇಲೆ ಓಟ ಆರಂಭಿಸಿದ ಕಾರಣ ಕಾಲವನ್ನು ನೀಡಿಲ್ಲ.” ದಾಖಲೆ ಮುರಿದೆನೆಂದು ಊರಿಡೀ ಸಿಹಿ ಹಂಚಿದ್ದ ಹುಡುಗನ ಕಡೆಯವರು ಅವರೊಡನೆ ಜಗಳಕ್ಕೆ ಹೋಗಿದ್ದರು.

ಅವರು ಬರೆದ ಯಾವ ಕಾಲದ ಮುಂದೆಯೂ ‘ಕೈ’ ಎಂಬ ಒಂದಕ್ಷರ ಕಂಸದಲ್ಲಿ ಇರುತ್ತಿತ್ತು. ಆ ವಯಸ್ಸಿನಲ್ಲಿ ಅದು ನಮಗೆ ಅವಮಾನದಂತೆ ಕಾಣುತ್ತಿತ್ತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸಿಂಥೆಟಿಕ್ ಟ್ರ್ಯಾಕಿನ ಮೇಲೆ, ವಿದ್ಯುನ್ಮಾನ ಗಡಿಯಾರದ ಕೆಳಗೆ ಮೊದಲ ಸಲ ಓಡಿದಾಗ ಅದರ ಅರ್ಥ ತಿಳಿಯಿತು. ಸೇಡಂ, ಚಿತ್ತಾಪುರದ ಮೈದಾನಗಳಲ್ಲಿ ಓಡುತ್ತಿದ್ದಾಗ ನನಗೆ ನಾನೇ ಕಟ್ಟಿಕೊಂಡಿದ್ದ ಲೆಕ್ಕ ಅಲ್ಲಿ ಒಂದೇ ಸುತ್ತಿಗೆ ಬಿದ್ದುಹೋಯಿತು. ಆದರೆ ನಾನು ಕುಸಿಯಲಿಲ್ಲ, ಏಕೆಂದರೆ ರೈಲು ಹತ್ತುವ ಮುಂಚೆಯೇ ಅವರು ಹೇಳಿದ್ದರು: “ಅಲ್ಲಿ ಕಾಲ ಹೆಚ್ಚು ಬರ್ತದ. ಅದು ನಿನ್ನ ಖರೇ ಕಾಲ. ಅಲ್ಲಿಂದ ಎಣಿಸು.” 1984ರ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡ್ ಓಡಿ, 55.41 ಓಡಿದವಳಿಗೆ ಕಂಚು ಹೋದ ಕತೆಯನ್ನು ಅವರು ನೂರು ಸಲವಾದರೂ ಹೇಳಿರಬಹುದು. ಹೇಳುವಾಗ ಉಷಾ ಅವರ ದುಃಖದ ಬಗ್ಗೆ ಅಲ್ಲ, ಆ ಒಂದು ನೂರರ ಭಾಗವನ್ನು ಅಳೆಯಬಲ್ಲ ಗಡಿಯಾರದ ಬಗ್ಗೆ ಹೇಳುತ್ತಿದ್ದರು.

ನಿಮ್ಮ ಬಳಗದವರ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ನನ್ನ ಪ್ರಮಾಣಪತ್ರಗಳಿದ್ದ ಟ್ರಂಕಿಗೆ ಒಂದು ಮಳೆಗಾಲದಲ್ಲಿ ನೀರು ನುಗ್ಗಿ ಎಲ್ಲವೂ ಮುದ್ದೆಯಾಯಿತು. ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕಬೇಕಾದಾಗ ಕೂಟ ನಡೆಸಿದವರ ಬಳಿ ನಕಲು ಕೇಳಿದೆ. ಅವರ ಕಡತದಲ್ಲಿ ನಾನು ಓಡಿದ ಗುರುತೇ ಇರಲಿಲ್ಲ. ಪತ್ರಿಕೆಯ ತುಣುಕು ಪ್ರಮಾಣಪತ್ರವಾಗುವುದಿಲ್ಲ, ನಿಜ. ಆದರೆ ದಿನಾಂಕ, ಸ್ಥಳ, ತಂದೆಯ ಹೆಸರು, ತಾಲ್ಲೂಕು, ಸ್ಥಾನ, ಕಾಲ ಎಲ್ಲವೂ ಇದ್ದ ಆ ನಾಲ್ಕು ಸಾಲನ್ನು ಮುಂದಿಟ್ಟ ಮೇಲೆ ಅವರು ಹಳೆಯ ಅಂಕಪಟ್ಟಿಗಳ ಗಂಟು ಬಿಚ್ಚಿ ಹುಡುಕಲು ಒಪ್ಪಿದರು, ನನ್ನದು ಸಿಕ್ಕಿತು. ಆ ಕೆಲಸದ ಸಂಬಳದಲ್ಲಿಯೇ ಇಂದು ಮನೆ ನಡೆಯುತ್ತಿದೆ. ಅವರು ಕುಳಿತು ಬರೆದರು ಎಂಬುದು ನಿಜವಾದರೂ, ಎಲ್ಲಿ ಕುಳಿತಿದ್ದರು ಎಂಬುದನ್ನೂ ನೋಡಬೇಕಲ್ಲವೇ?

---

ಚಿಂಚೋಳಿಯ ಹಳೆಯ ವಿದ್ಯಾರ್ಥಿನಿ

ಮೇಲಿನ ಅಣ್ಣಾವ್ರು ಬರೆದದ್ದೆಲ್ಲ ಸರಿ. ಆದರೆ ಎಲ್ಲರೂ ಹೊಗಳುವ ಕಡೆ ಒಂದಿಷ್ಟು ಬೇರೆ ಮಾತೂ ಇರಲೆಂದು ಬರೆಯುತ್ತಿದ್ದೇನೆ.

ನಾನು ಉದ್ದ ಜಿಗಿತ ಮತ್ತು ಹರ್ಡಲ್ಸ್‌ನಲ್ಲಿ ಭಾಗವಹಿಸುತ್ತಿದ್ದೆ. ಒಮ್ಮೆ ವಿಭಾಗ ಮಟ್ಟದಲ್ಲಿ ನಾನು ಗೆದ್ದ ಉದ್ದ ಜಿಗಿತವನ್ನು ಅವರು ನನ್ನದೇ ಹೆಸರಿನ ಬೀದರ್ ಹುಡುಗಿಯ ಖಾತೆಗೆ ಬರೆದುಬಿಟ್ಟರು. ನಮ್ಮ ತಂದೆ ಚಿಂಚೋಳಿ ಬಸ್ ನಿಲ್ದಾಣದಲ್ಲಿ ಐದು ಪತ್ರಿಕೆ ಕೊಂಡು, ಮನೆಗೆ ಬಂದು ಓದಿ, ಒಂದು ಮಾತೂ ಆಡದೆ ಐದನ್ನೂ ಅಟ್ಟದ ಮೇಲಿಟ್ಟರು. ತಿದ್ದುಪಡಿ ಮೂರನೆಯ ದಿನ ಬಂತು, ಅದೂ ಮೂಲ ವರದಿ ಬಂದ ಪುಟದಲ್ಲಿಯೇ, ಅದೇ ಅಳತೆಯ ಅಕ್ಷರದಲ್ಲಿ ಬಂತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಅದರ ನಂತರವೇ ಅವರು ತಂದೆಯ ಹೆಸರು ಕೇಳಲು ಆರಂಭಿಸಿದರೆಂದು ನಮ್ಮ ಪಿ.ಟಿ. ಟೀಚರ್ ಹೇಳುತ್ತಿದ್ದರು. ಹಾಗಿದ್ದರೆ ಮೂರನೇ ಲೇನ್ ಅವರ ನೌಕರಿಯಲ್ಲಿ ನಮ್ಮ ಅಟ್ಟದ ಮೇಲಿನ ಐದು ಪತ್ರಿಕೆಗಳದ್ದೂ ಒಂದು ಪಾಲಿದೆ.

ನನ್ನ ದೊಡ್ಡ ದೂರು ಬೇರೆ. ಫಲಿತಾಂಶದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದವರು, ಫಲಿತಾಂಶದಲ್ಲಿ ಕಾಣದೆ ಹೋದವರ ಬಗ್ಗೆ ಬರೆಯಲಿಲ್ಲ. ಎಂಟು, ಒಂಬತ್ತನೆಯ ತರಗತಿಯಲ್ಲಿ ನನ್ನ ಜೊತೆ ಓಡಿದ ಹುಡುಗಿಯರಲ್ಲಿ ಪಿಯುಸಿಗೆ ಬರುವಷ್ಟರಲ್ಲಿ ನಾನೊಬ್ಬಳೇ ಉಳಿದಿದ್ದೆ. ಕೆಲವರಿಗೆ ಮದುವೆಯಾಯಿತು, ಕೆಲವರನ್ನು ಚಡ್ಡಿ ಹಾಕಿ ಓಡಬಾರದೆಂದು ಮನೆಯವರು ಬಿಡಿಸಿದರು, ಕೂಟಕ್ಕೆ ಬಂದರೆ ಬಟ್ಟೆ ಬದಲಿಸಲು ಕೋಣೆಯಿಲ್ಲದೆ ನಾವು ನಾಲ್ವರು ಸೀರೆ ಅಡ್ಡ ಹಿಡಿದು ನಿಲ್ಲುತ್ತಿದ್ದೆವು. ಎರೆಮಣ್ಣಿನ ಮೈದಾನ ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟು, ಮಳೆ ಬಂದರೆ ಬೂಟಿಗೆ ಕಿಲೋಗಟ್ಟಲೆ ಅಂಟುವುದನ್ನು ಅವರು ನಮಗಿಂತ ಹೆಚ್ಚು ವರ್ಷ ನೋಡಿದವರು. ಇದೆಲ್ಲ ವರದಿಯ ಕೊನೆಯ ಸಾಲಿಗೂ ಬರಲಿಲ್ಲ.

ಸನ್ಮಾನ ಬೇಡವೆಂದು ನಾನು ಹೇಳುತ್ತಿಲ್ಲ. ನಾನೂ ಬರುತ್ತೇನೆ, ಮಗಳನ್ನೂ ಕರೆತರುತ್ತೇನೆ. ಬಿನ್ನವತ್ತಳೆಯಲ್ಲಿ ‘ಕ್ರೀಡೆಯ ಎಲ್ಲ ಮುಖಗಳಿಗೂ ದನಿಯಾದವರು’ ಎಂಬಂಥ ವಾಕ್ಯ ಬರೆಯಬೇಡಿ ಎಂದಷ್ಟೇ ಕೇಳುತ್ತಿದ್ದೇನೆ.

---

ಹಳೇ ಡೆಸ್ಕ್

ನಾನು ಅವರ ವರದಿಗಳನ್ನು ಪುಟಕ್ಕೆ ಕೂರಿಸುತ್ತಿದ್ದ ಡೆಸ್ಕಿನಲ್ಲಿ ಕೆಲವು ವರ್ಷ ಉಪಸಂಪಾದಕನಾಗಿದ್ದೆ. ಪತ್ರಿಕೆಯ ಹೆಸರು ಬೇಡ. ಚಿಂಚೋಳಿಯ ತಾಯಿಯವರ ದೂರಿಗೆ ಉತ್ತರ ಕೊಡಬೇಕಾದವರು ಅರ್ಧದಷ್ಟಾದರೂ ನಾವೇ ಎಂದು ಬರೆಯದಿದ್ದರೆ ತಪ್ಪಾದೀತು.

ಆಗ ವರದಿ ಬರುತ್ತಿದ್ದ ಬಗೆ ಇದು. ಕೂಟ ಸಂಜೆ ಐದಕ್ಕೆ ಮುಗಿದರೆ, ಅವರು ಮೈದಾನದಲ್ಲಿಯೇ ಕುಳಿತು ಪ್ರತಿ ತಯಾರಿಸಿ, ಕವರಿಗೆ ಹಾಕಿ, ಬಸ್ ನಿಲ್ದಾಣಕ್ಕೆ ಹೋಗಿ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಈ ಕಡೆ ನಮ್ಮ ಹುಡುಗ ಬಸ್ಸಿಗಾಗಿ ಕಾಯುತ್ತಿದ್ದ. ಬಸ್ ಕೆಟ್ಟು ನಿಂತರೆ ಅಂದಿನ ಕೂಟ ನಾಡಿದ್ದಿನ ಪತ್ರಿಕೆಗೆ. ಆಮೇಲೆ ಫ್ಯಾಕ್ಸ್ ಬಂತು, ಅಂಗಡಿಯವನಿಗೆ ಪುಟಕ್ಕಿಷ್ಟೆಂದು ಕೈಯಿಂದ ಹಣ ಕೊಟ್ಟು ಕಳಿಸುತ್ತಿದ್ದರು. ಜಿಲ್ಲಾ ಪುಟ ಬೇಗ ಮುಚ್ಚುವ ಪುಟ. ಭಾರತದ ಕ್ರಿಕೆಟ್ ಪಂದ್ಯ ಇದ್ದ ದಿನ, ಅಥವಾ ಸಂಜೆ ಒಂದು ಜಾಹೀರಾತು ಹೆಚ್ಚಿಗೆ ಬಂದ ದಿನ, ಕತ್ತರಿ ಮೊದಲು ಬೀಳುತ್ತಿದ್ದುದು ಶಾಲಾ ಕ್ರೀಡಾಕೂಟಕ್ಕೆ. ಕತ್ತರಿಸುವವರು ಕೆಳಗಿನಿಂದ ಕತ್ತರಿಸುತ್ತಾರೆ. ಅಚ್ಚಿನ ಮನೆಯ ಹಳೆಯ ಪದ್ಧತಿ ಅದು.

ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಎಲ್ಲ ವರದಿಗಾರರೂ ಉದ್ಘಾಟನೆ, ಜ್ಯೋತಿ ಬೆಳಗಿಸಿದವರು, ಮುಖ್ಯ ಅತಿಥಿಯ ‘ಕ್ರೀಡೆಯಿಂದ ಆರೋಗ್ಯ’ ಭಾಷಣ ಎಂದು ಮೇಲೆ ಬರೆದು, ಫಲಿತಾಂಶವನ್ನು ಕೆಳಗೆ ಹಾಕುತ್ತಿದ್ದರು. ಇವರು ಪ್ರತಿಯನ್ನು ತಿರುವಿ ಹಾಕುತ್ತಿದ್ದರು. ಮೊದಲ ಸಾಲಿಗೇ “ಬಾಲಕಿಯರು: 100 ಮೀ. ಓಟ” ಎಂದು ಶುರುವಾಗಿ, ಒಂದು, ಎರಡು, ಮೂರು ಸ್ಥಾನ, ಕಾಲ, ದೂರ, ಎತ್ತರ ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ಒಂದು ವಾಕ್ಯದಲ್ಲಿ ಉದ್ಘಾಟಕರ ಹೆಸರು ಬರುತ್ತಿತ್ತು. ನಾವು ಕತ್ತರಿಸಿದರೆ ಹೋಗುತ್ತಿದ್ದುದು ಉದ್ಘಾಟಕರು. ಇದರಿಂದ ಒಂದೆರಡು ಸಲ ನಮ್ಮ ಕಚೇರಿಗೆ ದೊಡ್ಡವರ ಫೋನ್ ಬಂದದ್ದೂ ಉಂಟು. ಇನ್ನೊಂದು ಗಮನಿಸಿ: ಬಾಲಕಿಯರ ಫಲಿತಾಂಶವನ್ನು ಅವರು ಯಾವಾಗಲೂ ಬಾಲಕರಿಗಿಂತ ಮೇಲೆ ಬರೆಯುತ್ತಿದ್ದರು. ಏಕೆಂದು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಈಗ ಈ ಚರ್ಚೆ ಓದಿದ ಮೇಲೆ, ಕೆಳಗಿದ್ದರೆ ಕತ್ತರಿಗೆ ಸಿಗುತ್ತದೆಂಬ ಲೆಕ್ಕ ಅಲ್ಲಿಯೂ ಇತ್ತೆಂದು ಅನಿಸುತ್ತಿದೆ.

ತಾಯಿಯವರು ಹೇಳಿದ ಬಟ್ಟೆ ಬದಲಿಸುವ ಕೋಣೆಯ ವಿಷಯ ನನಗೆ ನೆನಪಿದೆ. ಒಮ್ಮೆಯಾದರೂ ಅವರು ಬರೆದಿದ್ದರು. ಅದು ವರದಿಯ ಬಾಲದಲ್ಲಿತ್ತು. ಅಂದು ಪುಟ ಮಾಡಿದವನು ನಾನೇ.

ಬಿನ್ನವತ್ತಳೆಗೆ ಒಂದು ಸಂಗತಿ ಕೊಡುತ್ತೇನೆ. ಜಿಲ್ಲೆಗಳು ಒಡೆದ ವಿಷಯ. 1997ರಲ್ಲಿ ರಾಯಚೂರಿನಿಂದ ಕೊಪ್ಪಳ ಬೇರೆಯಾಯಿತು, 2009ರ ಡಿಸೆಂಬರ್ 30ರಂದು ನಮ್ಮ ಜಿಲ್ಲೆಯಿಂದ ಯಾದಗಿರಿ ಬೇರೆಯಾಯಿತು. ಅದಕ್ಕೂ ಮುಂಚೆ ಶಹಾಪುರ, ಸುರಪುರದ ಹುಡುಗರು ಮಾಡಿದ ‘ಗುಲ್ಬರ್ಗ ಜಿಲ್ಲಾ ದಾಖಲೆ’ ಈಗ ಯಾರದು? ಜಿಲ್ಲೆಯ ಹೆಸರಷ್ಟೇ ಬರೆದ ವರದಿಗಳಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಇವರು ಮೊದಲಿನಿಂದಲೂ ತಾಲ್ಲೂಕು ಬರೆಯುತ್ತಿದ್ದರು; ಇಂದು ಯಾದಗಿರಿಯವರು ತಮ್ಮ ಜಿಲ್ಲೆಯ ದಾಖಲೆಪಟ್ಟಿಯನ್ನು ಹಿಂದಿನಿಂದ ಕಟ್ಟಬೇಕೆಂದರೆ ಆ ಪುಸ್ತಕಗಳಿಂದ ಕಟ್ಟಬಹುದು. ಗುಂಡಿನ ತೂಕವನ್ನೂ ಬರೆದಿರುತ್ತಾರೆ. 18 ವರ್ಷದೊಳಗಿನ ಬಾಲಕರದು 5 ಕಿಲೋ, 20ರೊಳಗಿನವರದು 6 ಕಿಲೋ, ಪುರುಷರದು 7.26 ಕಿಲೋ; ತೂಕ ಬರೆಯದ ಗುಂಡು ಎಸೆತದ ದೂರಕ್ಕೆ ಅರ್ಥವಿಲ್ಲ.

---

ಬೀದರ್ ಓದುಗ

ಹಳೇ ಡೆಸ್ಕ್ ಅವರು ಪುಸ್ತಕಗಳ ಮಾತೆತ್ತಿದ್ದರಿಂದ ಬರೆಯುತ್ತಿದ್ದೇನೆ. ನಾನು ಗ್ರಂಥಾಲಯದಲ್ಲಿ ಕೆಲಸ ಮಾಡಿದವನು, ಓಟದ ಗಂಧ ನನಗಿಲ್ಲ. ಆದರೆ ಇಷ್ಟೂ ಓದಿದ ಮೇಲೆ ನನಗೆ ತೋಚಿದ್ದು: ಶಾಲು, ಹಾರ, ಹಣ್ಣಿನ ಬುಟ್ಟಿಯ ಖರ್ಚಿನಲ್ಲಿ ಅರ್ಧ ಉಳಿಸಿ, ಆ ಲೆಕ್ಕದ ಪುಸ್ತಕಗಳ ಮತ್ತು ತುಣುಕುಗಳ ಪ್ರತಿ ತೆಗೆಯಿರಿ.

ಅದನ್ನು ಬೇಗ ಮಾಡಿ. ಅವರ ಬಳಿ ಫ್ಯಾಕ್ಸ್ ಪ್ರತಿಗಳಿದ್ದರೆ ಮೊದಲು ಅವನ್ನೇ ನೋಡಿ. ಆ ಕಾಲದ ನುಣುಪು ಸುರುಳಿ ಕಾಗದದ ಮೇಲೆ ಅಕ್ಷರ ಮೂಡುತ್ತಿದ್ದುದು ಶಾಯಿಯಿಂದಲ್ಲ, ಬಿಸಿಯಿಂದ. ಅಂಥ ಕಾಗದ ವರ್ಷ ಕಳೆದಂತೆ ಮಾಸಿ ಬೆಳ್ಳಗಾಗುತ್ತದೆ, ಹೆಚ್ಚು ಬಿಸಿ ತಗುಲಿದರೆ ಕಪ್ಪಾಗುತ್ತದೆ. ನಾಲ್ವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ತಗಡಿನ ಕಪಾಟಿನೊಳಗೆ ಇಪ್ಪತ್ತು ವರ್ಷ ಇದ್ದರೆ ಏನು ಉಳಿದಿರುತ್ತದೋ ನೋಡಬೇಕು. ಮಾಸಲಾದರೂ ಕಾಣುತ್ತಿದ್ದರೆ ಇಂದೇ ಫೋಟೊ ತೆಗೆಯಿರಿ.

ಪತ್ರಿಕೆಯ ಕಾಗದ ಮರದ ತಿರುಳಿನಲ್ಲಿರುವ ಲಿಗ್ನಿನ್ ಕಾರಣದಿಂದ ಬೆಳಕಿಗೆ ಹಳದಿಯಾಗಿ ಪುಡಿಯಾಗುತ್ತದೆ. ಪ್ರೀತಿಯಿಂದ ಲ್ಯಾಮಿನೇಷನ್ ಮಾಡಿಸಬೇಡಿ, ಮತ್ತೆ ಬಿಡಿಸಲು ಬರುವುದಿಲ್ಲ. ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಕಂದಾಗಿ ಅಕ್ಷರವನ್ನೇ ತಿನ್ನುತ್ತದೆ. ಮಡಿಕೆಯನ್ನು ಮೆಲ್ಲಗೆ ಬಿಡಿಸಿ, 400 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಪ್ರತಿ ಕಡತಕ್ಕೂ ದಿನಾಂಕ ಮತ್ತು ಊರಿನ ಹೆಸರು ಕೊಡಿ. ಕನ್ನಡ ಅಕ್ಷರಗಳನ್ನು ಗುರುತಿಸುವ ತಂತ್ರಾಂಶಗಳು ಈಗ ಇವೆ. ಆದರೆ ಒತ್ತಕ್ಷರ ತುಂಬಿದ ಹೆಸರುಗಳಲ್ಲಿಯೇ ಅವು ಎಡವುವುದರಿಂದ, ಹೆಸರು ಮತ್ತು ಅಂಕಿಗಳನ್ನು ಮನುಷ್ಯರೇ ಒಮ್ಮೆ ನೋಡಬೇಕು.

ಹಕ್ಕಿನ ಪ್ರಶ್ನೆ ಬರಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಪತ್ರಿಕೆಯ ನೌಕರಿಯಲ್ಲಿದ್ದು ಬರೆದ ಬರಹವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಮಟ್ಟಿಗೆ ಹಕ್ಕು ಮಾಲೀಕರದು. ಬೇರೆ ಒಪ್ಪಂದ ಇಲ್ಲದಿದ್ದರೆ ಉಳಿದ ಬಗೆಯ ಹಕ್ಕು ಬರೆದವರದೇ. ಆದ್ದರಿಂದ ಅವರಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಿ, ಪತ್ರಿಕೆಯವರಿಗೂ ಒಂದು ಮಾತು ತಿಳಿಸಿ. ಪುಟದ ಫೋಟೊಗಳನ್ನು ಎಲ್ಲೆಡೆ ಹರಿಬಿಡುವ ಬದಲು ಫಲಿತಾಂಶಗಳನ್ನು ಪಟ್ಟಿ ಮಾಡಿದರೆ ಉಪಯೋಗವೂ ಹೆಚ್ಚು, ತಕರಾರೂ ಕಡಿಮೆ.

---

ಆಳಂದ ರಸ್ತೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ನಾನು ಮತ್ತು ಆಕ್ಷೇಪ ಎತ್ತಿದ್ದ ನಮ್ಮ ಬಳಗದವರು ಇಬ್ಬರೂ ಅವರ ಮನೆಗೆ ಹೋಗಿದ್ದೆವು. ಚಹಾ ಬರುವ ಮುಂಚೆಯೇ ಅವರು ಆಕ್ಷೇಪದವರನ್ನು ನೋಡಿ, “ನೀವು ಈಟಿ ಒಗೀತಿದ್ರಲ್ಲ, ಅಫಜಲಪುರ ತಾಲ್ಲೂಕು” ಎಂದರು. ಆಮೇಲೆ ಆಕ್ಷೇಪದ ಮಾತು ಬರಲಿಲ್ಲ. ಆದರೆ ಓಡಿದವರಿಗೂ ಏನಾದರೂ ಆಗಬೇಕೆಂಬ ಅವರ ಮಾತನ್ನು ನಾವು ಕೈಬಿಟ್ಟಿಲ್ಲ. ಅಂದಿನ ಕಾರ್ಯಕ್ರಮದಲ್ಲಿ ಅತಿಥಿಗಳ ಬದಲು, ಅವರ ಪುಸ್ತಕಗಳಲ್ಲಿ ಹೆಸರಿರುವ ಹಳೆಯ ಓಟಗಾರರು, ಜಿಗಿತಗಾರರೇ ಸಾಲಾಗಿ ನಿಂತು ಅವರಿಗೆ ಶಾಲು ಹೊದಿಸುವುದೆಂದು ಮಾಡಿದ್ದೇವೆ.

ಫ್ಯಾಕ್ಸ್ ಪ್ರತಿಗಳ ಬಗ್ಗೆ ಬೀದರಿನವರು ಹೇಳಿದ್ದು ನಿಜವಾಯಿತು. ಒಂದು ಬಿಸ್ಕತ್ತಿನ ಡಬ್ಬಿ ತುಂಬ ಸುರುಳಿಗಳಿದ್ದವು. ಬಿಡಿಸಿದರೆ ಎಲ್ಲವೂ ಖಾಲಿ, ಅಂಚಿನಲ್ಲಿ ಅವರು ಬಾಲ್‌ಪೆನ್ನಿನಿಂದ ಬರೆದಿದ್ದ ದಿನಾಂಕಗಳು ಮಾತ್ರ ಉಳಿದಿವೆ. ಲೆಕ್ಕದ ಪುಸ್ತಕಗಳು ಮಾತ್ರ ಚೆನ್ನಾಗಿವೆ. ನೀಲಿ ಶಾಯಿ, ಪ್ರತಿ ಪುಟಕ್ಕೂ ಎಡಗಡೆ ಅಂಚಿನಲ್ಲಿ ಗಾಳಿ, ಮಳೆ, ಮೈದಾನದ ಸ್ಥಿತಿ. ಒಂದು ಪುಟದ ಅಂಚಿನಲ್ಲಿ “ಎರಡನೇ ಲೇನಿನ ಗುರುತು 7.04 ಮೀಟರ್ ಮುಂದೆ ಇರಬೇಕು, 6 ಹಾಕಿದ್ದಾರೆ, 400ರ ಕಾಲ ಬಿಡುವುದು” ಎಂದಿತ್ತು (ಹೊರಗಿನ ಲೇನಿನ ಸುತ್ತು ಉದ್ದವಾದ್ದರಿಂದ ಅಲ್ಲಿ ಓಡುವವರ ಆರಂಭದ ಗುರುತನ್ನು ಅಷ್ಟು ಮುಂದೆ ಹಾಕಬೇಕು). ಇನ್ನೊಂದರಲ್ಲಿ “ಹುಡುಗಿಯರಿಗೆ ಕೋಣೆ ಇಲ್ಲ” ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಚಿಂಚೋಳಿಯ ಅಕ್ಕಾವ್ರಿಗೆ ಆ ಪುಟದ ಫೋಟೊ ಕಳಿಸುತ್ತೇನೆ.

ಬಿನ್ನವತ್ತಳೆಯ ಈಗಿನ ಕರಡು ಇದು, ತಪ್ಪಿದ್ದರೆ ತಿದ್ದಿ:

“ತಾವು ನಮ್ಮ ಹೆಸರನ್ನು ತಂದೆಯ ಹೆಸರು ಮತ್ತು ತಾಲ್ಲೂಕಿನೊಡನೆ ಬರೆದಿರಿ. ನಮ್ಮ ಕಾಲವನ್ನು ಹೇಗೆ ಅಳೆದರೋ ಹಾಗೆಯೇ ಬರೆದಿರಿ, ಅನುಮಾನವಿದ್ದಾಗ ಬರೆಯದೆ ಬಿಟ್ಟಿರಿ. ಬಾಲಕಿಯರ ಫಲಿತಾಂಶವನ್ನು ಮೊದಲು, ಉದ್ಘಾಟಕರ ಹೆಸರನ್ನು ಕೊನೆಗೆ ಬರೆದಿರಿ. ತಪ್ಪಾದಾಗ ಅದೇ ಪುಟದಲ್ಲಿ ತಿದ್ದಿದಿರಿ. ಕಲಬುರಗಿ, ಬೀದರ್, ಯಾದಗಿರಿಯ ಮೈದಾನಗಳಲ್ಲಿ ಓಡಿದ, ಜಿಗಿದ, ಎಸೆದ ನಾವು ಈ ದಿನ ತಮಗೆ ವಂದಿಸುತ್ತೇವೆ.”

ಸ್ಕ್ಯಾನಿಂಗ್ ಕೆಲಸವನ್ನು ಬರುವ ಭಾನುವಾರ ಬೆಳಿಗ್ಗೆ ಅವರ ಮನೆಯಲ್ಲಿಯೇ ಆರಂಭಿಸುತ್ತೇವೆ, ಏಕೆಂದರೆ ಪುಸ್ತಕಗಳನ್ನು ಹೊಸ್ತಿಲು ದಾಟಿಸಲು ಅವರು ಒಪ್ಪುತ್ತಿಲ್ಲ. ಅದಕ್ಕೆ ಕಾರಣವೂ ಇದೆ. ಸಾಲಿನಲ್ಲಿ ಒಂದು ಪುಸ್ತಕ ಇಲ್ಲ, ಕೊಪ್ಪಳ ಬೇರೆ ಜಿಲ್ಲೆಯಾದ 1997ರ ಆಸುಪಾಸಿನದು, ಯಾರೋ ಪಿ.ಟಿ. ಮಾಸ್ತರ್ ನೋಡಿ ಕೊಡುತ್ತೇನೆಂದು ಒಯ್ದವರು ಮರಳಿಸಿಲ್ಲವಂತೆ. ಕೆಂಪು ಬಟ್ಟೆಯ ಬೆನ್ನು, ರಟ್ಟಿನ ಮೇಲೆ ಹಸಿರು ಶಾಯಿಯ ಕಲೆ ಇದೆ. ಯಾರ ಮನೆಯ ಕಪಾಟಿನಲ್ಲಾದರೂ ಕಂಡರೆ ಇಲ್ಲಿಯೇ ತಿಳಿಸಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.